ಸರಿ ಇಲ್ಲ, ಬೆಸ ಇದೆ

ಬುಟ್ಟಿ ಹೆಣೆಯುವ ಆ ಹೆಂಗಸನ್ನು ಊರೆಲ್ಲ ಬೆಸಕ್ಕ ಎಂದೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಕಾಗದಪತ್ರಗಳಲ್ಲಿ ಹಾಯಾಗಿ ಮಲಗಿತ್ತು, ಯಾರೂ ಎಬ್ಬಿಸಲು ಹೋಗಿರಲಿಲ್ಲ. ಬೆಸಸಂಖ್ಯೆಯ ಮೇಲೆ ಅವಳಿಗೆ ಅಷ್ಟು ಮೋಹ. ಎರಡು ಲೋಟ ನೀರು ಕುಡಿದರೆ ಬಾಯಾರಿಕೆ ಹೋಗಲಿಲ್ಲವೆಂದು ಮೂರನೆಯದಕ್ಕೆ ಕೈಚಾಚುವಳು. ಅಂಗಿಗೆ ಆರು ಗುಂಡಿ ಇದ್ದರೆ ಒಂದನ್ನು ಕಿತ್ತು ಡಬ್ಬಿಗೆ ಹಾಕುವಳು. ಹೆತ್ತದ್ದು ಇಬ್ಬರನ್ನು, ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಗಂಡನನ್ನೂ ಸೇರಿಸಿ ಮೂರು ಅನ್ನುವಳು. ಗಂಡ ಇದಕ್ಕೆ ತಕರಾರು ಎತ್ತಿದವನಲ್ಲ. ಊಟದ ಹೊತ್ತಿಗೆ ಅವನ ನಡವಳಿಕೆಯೂ ಆ ಲೆಕ್ಕಕ್ಕೆ ಹೊಂದುವಂತೆಯೇ ಇರುತ್ತಿತ್ತು.

ಇದೇನು ಹುಚ್ಚು ಎಂದು ನಗುವವರು ಒಮ್ಮೆ ಬುಟ್ಟಿ ಹೆಣೆದು ನೋಡಬೇಕು. ತಳದಿಂದ ಬಾಗಿ ಮೇಲಕ್ಕೆ ನಿಲ್ಲುವವು ಕಡ್ಡಿಗಳು. ಅವುಗಳ ನಡುವೆ ಒಂದರ ಹಿಂದೆ, ಇನ್ನೊಂದರ ಮುಂದೆ ಎಂದು ಸುತ್ತಿ ಬರುವುದು ತೆಳ್ಳನೆಯ ಸೀಳು. ಕಡ್ಡಿ ಬೆಸವಾಗಿದ್ದರೆ, ಮೊದಲ ಸುತ್ತಿನಲ್ಲಿ ಹಿಂದೆ ಹೋದ ಜಾಗದಲ್ಲಿ ಎರಡನೇ ಸುತ್ತಿಗೆ ಸೀಳು ಮುಂದೆ ಬರುತ್ತದೆ, ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ಸರಿಸಂಖ್ಯೆ ಇದ್ದರೆ ಹಿಂದೆ ಹೋದದ್ದು ಹಿಂದೆಯೇ, ಮುಂದೆ ಹೋದದ್ದು ಮುಂದೆಯೇ. ನೂರು ಸುತ್ತು ಹಾಕಿದರೂ ಯಾವುದೂ ಯಾವುದನ್ನೂ ಹಿಡಿಯುವುದಿಲ್ಲ. ಎತ್ತಿದರೆ ಬುಟ್ಟಿಯ ಬಾಯಿ ಕೈಯಲ್ಲಿ, ಸಾಮಾನು ಕಾಲ ಮೇಲೆ. ಹಾಗಾಗಿ ಬೆಸಕ್ಕನ ಪಾಲಿಗೆ ಸರಿಯೇ ತಪ್ಪು, ಬೆಸವೇ ಸರಿ. ಈ ಮಾತನ್ನು ಯಾರಿಗಾದರೂ ಬಿಡಿಸಿ ಹೇಳಲು ಹೋದರೆ ಹೇಳುವವರ ನಾಲಿಗೆಯೇ ಗಂಟು ಬೀಳುತ್ತದೆ. ಮುಂದೆ ಆದ ಅನಾಹುತಕ್ಕೆಲ್ಲ ನಾಲಿಗೆಯ ಈ ಗಂಟೇ ಕಾರಣ.

ಗಂಡ ಏಣಿ ಮಾಡುವವನು. ಅವನನ್ನು ಊರು ಏಣಿಯಣ್ಣ ಎನ್ನುತ್ತಿತ್ತು. ಸುಣ್ಣಬಣ್ಣ ಬಳಿಯುವವರು ಮೂರು ಊರು ದಾಟಿ ಬಂದು ಅವನ ಏಣಿ ಹೊತ್ತೊಯ್ಯುತ್ತಿದ್ದರು. ಏಣಿಗೆ ಎರಡು ಕಾಲು, ಆದ್ದರಿಂದ ಅವನು ಸರಿಯ ಪಕ್ಷ. ಬೀದಿಗೆ ಬಾಗಿಲಿದ್ದ ಒಂದೇ ಕೋಣೆಯಲ್ಲಿ ಇಬ್ಬರ ಕೆಲಸ: ಎಡಗಡೆ ಅವಳ ನೀರಿನ ತೊಟ್ಟಿ, ಬಾಗು ಕತ್ತಿ, ಮೊಣಕಾಲುದ್ದದ ಸಿಪ್ಪೆಯ ರಾಶಿ, ಬಲಗಡೆ ಗೋಡೆಗೆ ಒರಗಿದ ಅವನ ಗಳಗಳು. ಬಿದಿರು ಸೀಳುವಾಗ ಏಳುವ ಸದ್ದಿಗೆ ಬೀದಿಯ ನಾಯಿ ಇಪ್ಪತ್ತು ವರ್ಷವಾದರೂ ಒಗ್ಗಿರಲಿಲ್ಲ. ನಾಯಿಗಳು ಬದಲಾದವು, ಬೊಗಳುವುದು ಬದಲಾಗಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ. ಆದರೂ ಇಬ್ಬರಿಗೂ ಅನ್ನ ಹಾಕುತ್ತಿದ್ದದ್ದು ಒಂದೇ ಬಿದಿರ ಮೆಳೆ.

ಆ ಮೆಳೆ ಕಾಲುವೆಯಾಚೆ ಇತ್ತು, ಊರಿಗೆ ಸೇರಿದ್ದು. ಬಿದಿರಿನ ಸ್ವಭಾವ ಎಂದರೆ ಹೊಸ ಕಳಲೆ ಏಳುವುದು ಅಂಚಿನಲ್ಲಿ, ಬಲಿತದ್ದು ಉಳಿಯುವುದು ನಡುವಿನಲ್ಲಿ. ಸೋಮಾರಿಗಳು ಕೈಗೆ ಸಿಕ್ಕ ಅಂಚಿನದನ್ನೇ ಕಡಿದು ಹೋಗುತ್ತಾರೆ, ಮೆಳೆ ಬಡಕಲಾಗುತ್ತದೆ. ಬೆಸಕ್ಕ ಮುಳ್ಳು ತರಚಿಕೊಂಡು, ಹೊಟ್ಟೆಯ ಮೇಲೆ ತೆವಳಿ ನಡುವಿಗೆ ಹೋಗುವಳು. ವರ್ಷಕ್ಕೊಮ್ಮೆ ಪ್ರತಿ ಗಳಕ್ಕೂ ಒಂದು ಸುಣ್ಣದ ಬೊಟ್ಟು ಇಡುವಳು. ಮೂರು ಬೊಟ್ಟು ಬಿದ್ದದ್ದಕ್ಕೆ ಮಾತ್ರ ಕತ್ತಿ. ಇಪ್ಪತ್ತೇಳು ವರ್ಷ ಹೀಗೆ ಕಡಿದರೂ ಮೆಳೆ ಅವಳು ಮದುವೆಯಾಗಿ ಬಂದಾಗ ಇದ್ದದ್ದಕ್ಕಿಂತ ದಪ್ಪವಾಗಿತ್ತು. ಬೆಸಕ್ಕನೂ ದಪ್ಪವಾಗಿದ್ದಳು, ತೆವಳುವುದು ಮಾತ್ರ ಸ್ವಲ್ಪ ಕಷ್ಟವಾಗಿತ್ತು.

ಒಂದು ದಿನ ಮೆಳೆಯ ಸುತ್ತ ತಂತಿ ಬಂತು, ತಂತಿಗೊಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಅವನ ತಲೆಯ ಮೇಲೆ ಹಲಗೆ: ಬುಟ್ಟಿ, ಮೊರ, ಚಾಪೆ, ತಟ್ಟಿ ಮಾಡುವವರು ಇನ್ನು ಮುಂದೆ ಕುಶಲಕರ್ಮಿ ಚೀಟಿ ಇದ್ದರಷ್ಟೇ ಬಿದಿರು ಕಡಿಯಬಹುದು. ಚೀಟಿ ಬೇಕೆಂದರೆ ತರಬೇತಿ ಕೇಂದ್ರದಲ್ಲಿ ನಲವತ್ತು ದಿನ ಕಲಿತು ಪರೀಕ್ಷೆ ಪಾಸಾಗಬೇಕು.

ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋದರು. ಕಿಟಕಿಯ ಹಿಂದೆ ಕೂತ ಗುಮಾಸ್ತ ಬೆಸಕ್ಕನ ಕೈ ನೋಡಿದ. ಅಂಗೈ ತುಂಬ ಗಾಯದ ಗೆರೆಗಳು, ಹೆಬ್ಬೆರಳ ಉಗುರು ಎರಡಾಗಿ ಸೀಳಿ ಹಾಗೆಯೇ ಬೆಳೆದಿತ್ತು.

"ಇಪ್ಪತ್ತೇಳು ವರ್ಷದಿಂದ ಇದನ್ನೇ ಮಾಡ್ತಿದೀನಿ ಸಾರ್."

"ಒಳ್ಳೇದಮ್ಮ. ಹಂಗಾದ್ರೆ ತರಬೇತಿ ಸುಲಭ ಆಗುತ್ತೆ."

ಏಣಿಯಣ್ಣ ತನ್ನ ಗತಿಯೇನೆಂದು ಕೇಳಿದ. ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ, "ಏಣಿ ಇದರಲ್ಲಿ ಬರಲ್ಲ. ಇದು ಏನಾದ್ರೂ ಇಡೋ ವಸ್ತುಗಳ ಪಟ್ಟಿ. ಏಣಿ ಹತ್ತೋ ವಸ್ತು," ಎಂದ.

"ಚಾಪೆ ಮೇಲೆ ಏನ್ ಇಡ್ತಾರೆ?"

"ಬೆನ್ನು," ಎಂದು ಗುಮಾಸ್ತ ಕಿಟಕಿ ಮುಚ್ಚಿದ. ಹೀಗೆ ಏಣಿಯಣ್ಣ ಚೀಟಿಯಿಲ್ಲದೆಯೇ ಮೆಳೆಗೆ ಹೋಗಬಹುದಾಯಿತು. ಒಂದೇ ಷರತ್ತು: ಅವನ ಬಿದಿರು ಗೇಟು ದಾಟುವಾಗ ಏಣಿಯಾಗಿಯೇ ದಾಟಬೇಕು.

ಬೆಸಕ್ಕ ತರಬೇತಿಗೆ ಸೇರಿದಳು. ಸೇರಿದ ಮೇಲೆ ಗೊತ್ತಾಯಿತು, ಅಲ್ಲಿ ಪಾಠ ಹೇಳುವವಳು ತನ್ನ ಸ್ವಂತ ಸೊಸೆ. ಸೊಸೆಗೆ ಓದಿದ ಸರ್ಟಿಫಿಕೇಟು ಇತ್ತು, ಕೇಂದ್ರದವರು ಅದನ್ನು ನೋಡಿ ಕೆಲಸ ಕೊಟ್ಟಿದ್ದರು. ಮನೆಯಲ್ಲಿ ಹೇಳಲು ಹೆದರಿ ಹೊಲಿಗೆ ಕಲಿಸುತ್ತೇನೆಂದು ಸುಳ್ಳು ಹೇಳಿದ್ದಳು. ಕರಿಹಲಗೆಯ ಮುಂದೆ ನಿಂತು ಹಾಜರಿ ಕರೆಯುವಾಗ ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಅಭ್ಯರ್ಥಿ ಹದಿನಾಲ್ಕು?"

"ಯಾರನ್ನೇ ಕರೀತಿರೋದು, ನನ್ನನ್ನಾ?"

"ಹೌದು ಅತ್ತೆ. ಹಾಜರ್ ಅನ್ನಿ ಸಾಕು."

"ಹದಿನಾಲ್ಕು ನನಗೆ ಆಗಿ ಬರಲ್ಲ. ಹದಿನೈದು ಮಾಡು." ಆಗಲಿಲ್ಲ. ಹದಿನೈದನೆಯವಳು ಒಪ್ಪಲಿಲ್ಲ.

ಪಾಠಕ್ಕೊಂದು ಕೈಪಿಡಿ ಇತ್ತು. ಅಕ್ಷರ ಬರುವಷ್ಟು ಬೆಸಕ್ಕನಿಗೆ ಬರುತ್ತಿತ್ತು, ಬೆರಳಿಟ್ಟು ಓದಿದಳು. ಒಂದನೇ ಹಂತ, ಕಡ್ಡಿ ಸೀಳುವುದು. ಎರಡನೇ ಹಂತ, ನೆನೆಹಾಕುವುದು. ಮೂರು, ನಾಲ್ಕು, ಎಲ್ಲವೂ ನೆಟ್ಟಗೇ ಇದ್ದಂತೆ ಕಂಡಿತು. ಐದನೇ ಹಂತ ಹೀಗಿತ್ತು: "ಎದ್ದು ಹೋಗಿ ಒಲೆ ನೋಡಿ ಬರುವುದು."

ಅವಳು ತಲೆಯೆತ್ತುವಷ್ಟರಲ್ಲಿ ಉಳಿದ ಹದಿನೈದು ಜನ ಹೆಂಗಸರೂ ಎದ್ದು ಸಾಲಾಗಿ ಕೋಣೆಯ ಮೂಲೆಗೆ ಹೋದರು. ಅಲ್ಲಿ ಕೇಂದ್ರದವರು ಇದಕ್ಕಾಗಿಯೇ ತರಿಸಿದ ಒಂದು ಒಲೆ ಇತ್ತು. ಹೊತ್ತಿಸಿದ್ದೇ ಇಲ್ಲ, ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಒಬ್ಬೊಬ್ಬರೂ ಬಗ್ಗಿ ಅದರೊಳಗೆ ಗಂಭೀರವಾಗಿ ಇಣುಕಿ ಬಂದು ಕೂತರು. ಎಂಟನೇ ಹಂತದಲ್ಲಿ ಎಲ್ಲರೂ ಸೊಂಟ ಹಿಡಿದುಕೊಂಡು "ಅಯ್ಯೋ" ಅಂದರು.

ಬೆಸಕ್ಕನಿಗೆ ಆಗ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ನೋಟುಪುಸ್ತಕ ಹಿಡಿದ ಒಬ್ಬ ಮನುಷ್ಯ ತನ್ನ ಕೋಣೆಯ ಹೊಸ್ತಿಲ ಮೇಲೆ ಒಂದಿಡೀ ದಿನ ಕೂತು, ತಾನು ಮಾಡಿದ್ದನ್ನು, ಆಡಿದ್ದನ್ನು ಒಂದೂ ಬಿಡದೆ ಬರೆದುಕೊಂಡು ಹೋಗಿದ್ದ. ಪಾಪ, ಶ್ರದ್ಧೆಯ ಮನುಷ್ಯ. ಅಂದು ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದಳು, ಸೊಂಟವೂ ನೋಯುತ್ತಿತ್ತು. ಈ ಕೈಪಿಡಿ ತನ್ನದೇ. ಇಲ್ಲಿರುವ ಹೆಂಗಸರೆಲ್ಲ ತನ್ನ ಒಂದು ಹಳೆಯ ಮಂಗಳವಾರವನ್ನು ಕಲಿಯುತ್ತಿದ್ದರು.

ನಗು ಬಂದು ಸೆರಗು ಬಾಯಿಗೆ ತುರುಕಿಕೊಂಡಳು. ಆದರೆ ನಾಲ್ಕನೇ ಹಂತವನ್ನು ಇನ್ನೊಮ್ಮೆ ಓದಿದಾಗ ನಗು ನಿಂತಿತು. "ಕಡ್ಡಿ ಸರಿಯಾಗಿರ್ಬೇಕು, ಅಷ್ಟೇ," ಎಂದು ಅವಳು ಅಂದು ಅಂದಿದ್ದಳು, ಎಲ್ಲರೂ ಎಲ್ಲದಕ್ಕೂ ಅನ್ನುವ ಹಾಗೆ. ಚೆನ್ನಾಗಿರಬೇಕು ಎಂಬ ಅರ್ಥದಲ್ಲಿ. ಅದು ಕೈಪಿಡಿಯಲ್ಲಿ, ಯಾರೋ ಬುದ್ಧಿವಂತರ ಕೈಯಲ್ಲಿ ತಿದ್ದಿಸಿಕೊಂಡು, "ಕಡ್ಡಿಗಳು ಸರಿಸಂಖ್ಯೆಯಲ್ಲಿರಬೇಕು, ಅಂದರೆ ಹದಿನಾರು," ಎಂದಾಗಿತ್ತು.

ಕೋಣೆಯ ಕಪಾಟಿನಲ್ಲಿ ಹಿಂದಿನ ತಂಡಗಳು ಹೆಣೆದ ಬುಟ್ಟಿಗಳು ಸಾಲಾಗಿ ಕೂತಿದ್ದವು. ನೋಡಲು ಚೆಂದ. ಮೇಲೊಂದು ಚೀಟಿ ಅಂಟಿಸಿತ್ತು: "ಈ ಬುಟ್ಟಿಗಳನ್ನು ಎತ್ತುವಂತಿಲ್ಲ."

"ಏನೇ ಇದು? ಇವು ಹಿಡಿಯುತ್ತಾ?"

"ಹಿಡಿಯಲ್ಲ ಅತ್ತೆ," ಎಂದಳು ಸೊಸೆ ತಗ್ಗಿದ ದನಿಯಲ್ಲಿ. "ನನಗೂ ಗೊತ್ತು. ಮೇಲಿನವರಿಗೆ ಬರೆದೆ. ಎತ್ತಬೇಡಿ ಅಂತ ಚೀಟಿ ಕಳಿಸಿದ್ರು."

ಬೆಸಕ್ಕ ಆಮೇಲೆ ತರಗತಿಯಲ್ಲಿ ದಿನಾ ಜಗಳಾಡಿದಳು. ಹದಿನಾರು ಕಡ್ಡಿಯ ಬುಟ್ಟಿ ನಿಲ್ಲುವುದಿಲ್ಲ ಎಂದು ತೋರಿಸಿದರೆ, ಪಕ್ಕದ ಹೆಂಗಸು "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಗೊಣಗಿದಳು. ಈ ಕೈಪಿಡಿಯ ಮಾತು ಆಡಿದವಳೇ ನಾನು ಎಂದರೆ ಇನ್ನೊಬ್ಬಳು ಪುಟ ತಿರುಗಿಸಿ, "ಇಲ್ಲಿ ಅನಾಮಧೇಯ ಕುಶಲಕರ್ಮಿ ಅಂತಿದೆ, ನಿಮ್ಮ ಹೆಸರು ಅದಾ?" ಎಂದು ಕೇಳಿದಳು. ಗುರುವಿಗೇ ತಿರುಮಂತ್ರ ಅನ್ನುವುದು ಇದಕ್ಕೇ.

ಪರೀಕ್ಷೆಯ ಹಿಂದಿನ ಸಂಜೆ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ಚೀಟಿ ಸಿಗದಿದ್ದರೆ ಮೆಳೆ ಇಲ್ಲ, ಮೆಳೆ ಇಲ್ಲದಿದ್ದರೆ ಕೋಣೆಯ ಎಡಭಾಗಕ್ಕೆ ಬೀಗ. ಸೊಸೆಯ ಕೈಯಲ್ಲಿದ್ದ ಬಿದಿರೆಲ್ಲ ಕೇಂದ್ರದ್ದು, ಒಂದು ಸೀಳೂ ಮನೆಗೆ ತರುವಂತಿರಲಿಲ್ಲ.

"ಅತ್ತೆ, ನಿಮ್ಮ ಹದಿನೇಳರಲ್ಲಿ ಒಂದೇ ಒಂದು ಕಡ್ಡಿ ಕಡಿಮೆ ಹಾಕಿ ಸಾಕು," ಎಂದು ಸೊಸೆ ಬೇಡಿಕೊಂಡಳು.

"ಕಡ್ಡೀನ ಗುಡ್ಡ ಮಾಡಬೇಡ ಕಣೇ," ಎಂದ ಏಣಿಯಣ್ಣ. "ಒಂದಿನ, ಒಂದೇ ಒಂದಿನ, ಅವರು ಹೇಳಿದ ತಪ್ಪನ್ನ ಸರಿಯಾಗಿ ಮಾಡಿ ಬಾ. ಆಮೇಲೆ ಇಡೀ ಜನ್ಮ ನಿನ್ನ ಸರಿ ಮಾಡ್ಕೋ."

"ನೀವು ಸುಮ್ನಿರಿ. ಎರಡು ಕಾಲಿನ ವಸ್ತು ಮಾಡೋರಿಗೆ ಇದು ಅರ್ಥ ಆಗಲ್ಲ."

ಆದರೂ ಕೂತು ಪ್ರಯತ್ನಿಸಿದಳು. ಹದಿನಾರು ಕಡ್ಡಿ ಜೋಡಿಸಿ ತಳ ಕಟ್ಟಿ ಮೇಲಕ್ಕೆ ಬಾಗಿಸಿದಳು, ಕಣ್ಣು ಮುಚ್ಚಿಕೊಂಡು ಒಂದು ಸುತ್ತು ಹಾಕಿದಳು. ಕಣ್ಣು ಬಿಟ್ಟು ನೋಡಿದರೆ ಒಂದು ಕಡ್ಡಿ ತಳದ ಮೇಲಿಂದ ಎರಡಾಗಿ ಸೀಳಿತ್ತು. ಅವಳಿಗೇ ತಿಳಿಯದಂತೆ ಕತ್ತಿ ಹೋಗಿ ಸೀಳಿ ಬಂದಿತ್ತು. ತಳದಲ್ಲಿ ಎಣಿಸಿದರೆ ಹದಿನಾರು, ಮೇಲೆ ಎಣಿಸಿದರೆ ಹದಿನೇಳು.

ಸೊಸೆ ಎಣಿಸಿ ನೋಡಿ ಕುಣಿಯುವಷ್ಟು ಸಂತೋಷಪಟ್ಟಳು. "ಅತ್ತೆ, ಸಾಹೇಬರು ಬುಟ್ಟಿ ತಿರುಗಿಸಿ ತಳವನ್ನೇ ಎಣಿಸೋದು! ನಾಳೆ ಇದನ್ನೇ ಮಾಡಿ. ಕೇಳಿದ್ರೆ ಸರಿ ಅನ್ನಿ, ಮುಗೀತು."

ಮರುದಿನ ಪರೀಕ್ಷೆಯ ಸಾಹೇಬರು ಬಂದರು. ಗಡಿಬಿಡಿಯ ಮನುಷ್ಯ, ಕೈಯಲ್ಲಿ ಫಾರಂಗಳ ಕಟ್ಟು. ಅಭ್ಯರ್ಥಿಗಳು ಹೆಣೆದರು, ಒಲೆ ನೋಡಿ ಬಂದರು, ಅಯ್ಯೋ ಅಂದರು. ಸಾಹೇಬರು ಎಲ್ಲಕ್ಕೂ ಗುರುತು ಹಾಕಿಕೊಂಡರು. ಒಬ್ಬಳು ಅಯ್ಯೋ ಅನ್ನಲು ಮರೆತಿದ್ದಕ್ಕೆ ಅರ್ಧ ಅಂಕ ಕಳೆದರು.

ಹದಿನಾಲ್ಕನೆಯವಳ ಮುಂದೆ ಬಂದು ಬುಟ್ಟಿ ತಿರುಗಿಸಿ ತಳ ಎಣಿಸಿದರು. ಹದಿನಾರು. ತಲೆಯಾಡಿಸಿ ಫಾರಂ ತೆಗೆದರು. ಒಂಬತ್ತನೇ ಪ್ರಶ್ನೆಗೆ ಎರಡು ಚೌಕ: ಸರಿ, ಸರಿ ಇಲ್ಲ. ಅದನ್ನು ಅಭ್ಯರ್ಥಿಯ ಬಾಯಿಂದಲೇ ಕೇಳಿ ತುಂಬಬೇಕೆಂಬುದು ನಿಯಮ.

"ಏನಮ್ಮ, ಕಡ್ಡಿ ಸರಿ ಇದೆಯಾ?"

ಬಾಗಿಲ ಬಳಿ ನಿಂತಿದ್ದ ಸೊಸೆ ಸರಿ ಅನ್ನಿ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಸರಿ ಎಂಬುದು ಎಂಥ ಮಾತು! ದಿನಕ್ಕೆ ನೂರು ಸಲ ಆಡುವ ಮಾತು. ಹಾಲು ಹಾಕಲಾ ಎಂದರೆ ಸರಿ, ಹೋಗಿ ಬರಲಾ ಎಂದರೆ ಸರಿ, ಬೈದರೂ ಕೊನೆಗೆ ಸರಿ ಸರಿ. ಬೆಸಕ್ಕನ ತುಟಿಯವರೆಗೂ ಅದು ಬಂತು. ಆಗ ಅವಳ ಕಣ್ಣು ಸುತ್ತ ಕೂತ ಹದಿನೈದು ಹೆಣ್ಣುಮಕ್ಕಳ ಕೈಯಲ್ಲಿದ್ದ ಬುಟ್ಟಿಗಳ ಮೇಲೆ ಬಿತ್ತು. ನಲವತ್ತು ದಿನ ಕೂತು, ಬೆರಳು ಕುಯ್ದುಕೊಂಡು ಕಲಿತಿದ್ದಾರೆ, ಒಂದು ತರಕಾರಿ ಹೊರಲಾರದ ಬುಟ್ಟಿ. ತಾನು ಒಂದು ಸಲ ಯೋಚಿಸದೆ ಸರಿ ಅಂದದ್ದಕ್ಕೆ ಇಷ್ಟಾಗಿದೆ. ಇನ್ನೊಂದು ಸಲ ಅಂದರೆ ಅದೂ ಅಚ್ಚಾಗುತ್ತದೆ. ಅವಳಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

"ಸರಿ ಇಲ್ಲ ಸಾರ್," ಎಂದಳು ಕಡ್ಡಿ ಮುರಿದ ಹಾಗೆ. "ಬೆಸ ಇದೆ. ಬೆಸ ಇದ್ರೇನೇ ಸರಿ."

"ಒಂದೇ ಹೇಳಮ್ಮ. ಸರಿನೋ, ಸರಿ ಇಲ್ವೋ?"

"ಸರಿ ಇದ್ರೆ ಸರಿ ಇರಲ್ಲ ಸಾರ್. ಇದು ಸರಿ ಇಲ್ಲ, ಅದಕ್ಕೇ ಸರಿಯಾಗಿದೆ."

ಸಾಹೇಬರು ಅವಳ ಮುಖ ನೋಡಿದರು, ಫಾರಂ ನೋಡಿದರು. ಚೌಕ ಎರಡೇ ಇದ್ದವು. ಅವರ ತಪ್ಪೇನೂ ಇಲ್ಲ, ಮೂರು ಸಲ 'ಸರಿ ಇಲ್ಲ' ಕೇಳಿಸಿತ್ತು. ಎರಡನೇ ಚೌಕದಲ್ಲಿ ಗೀಟು ಎಳೆದರು. ಅಭ್ಯರ್ಥಿ ಹದಿನಾಲ್ಕು ನಪಾಸು, ಉಳಿದವರೆಲ್ಲ ಪಾಸು.

ಹೊರಡುವಾಗ ಅವರಿಗೆ ಫಾರಂ, ಕೈಪಿಡಿ, ಮುದ್ರೆ, ಶಾಯಿ ಎಲ್ಲವನ್ನೂ ಜೀಪಿನವರೆಗೆ ಒಯ್ಯಬೇಕಿತ್ತು. ಪಾಸಾದ ಒಂದು ಬುಟ್ಟಿಗೆ ಹಾಕಿ ಎತ್ತಿದರು. ಶಾಯಿ ಬೂಟಿನ ಮೇಲೆ. ಇನ್ನೊಂದಕ್ಕೆ ಹಾಕಿದರು, ಮುದ್ರೆ ಕಪಾಟಿನ ಕೆಳಗೆ ಉರುಳಿತು. ಕೊನೆಗೆ ನಪಾಸಾದ ಬುಟ್ಟಿಗೆ ತುಂಬಿ ಎತ್ತಿದರು, ಜೀಪಿನವರೆಗೂ ಒಂದು ಚೂರೂ ಅಲುಗಲಿಲ್ಲ. ಬೆಸಕ್ಕ ನಪಾಸು ಎಂಬ ಕಾಗದ ಅದರಲ್ಲೇ ಭದ್ರವಾಗಿ ಕೂತು ಹೋಯಿತು. ಬುಟ್ಟಿ ವಾಪಸ್ಸು ಕೇಳಿದ್ದಕ್ಕೆ, "ಇರಲಮ್ಮ, ಹೇಗೆ ಮಾಡಬಾರದು ಅಂತ ತೋರ್ಸೋಕೆ ಒಂದು ಮಾದರಿ ಬೇಕಿತ್ತು," ಎಂದರು.

ಮನೆಯಲ್ಲಿ ಉಳಿದಿದ್ದ ಬಿದಿರು ಹತ್ತು ದಿನಕ್ಕೆ ಮುಗಿಯಿತು. ಬೆಸಕ್ಕ ಒಣಗಿದ ತೊಟ್ಟಿಯ ಪಕ್ಕ ಕತ್ತಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಕೈಗೆ ಕೆಲಸವಿಲ್ಲದೆ ಸಿಪ್ಪೆಯಲ್ಲಿ ಬೆರಳಗಲದ ಬುಟ್ಟಿ ಹೆಣೆಯುವಳು, ಅದಕ್ಕೊಂದು ಹೆಸರುಕಾಳು ಹಾಕಿ ಎತ್ತಿ ನೋಡುವಳು, ಬಿಚ್ಚುವಳು. ಬೀದಿಯ ನಾಯಿ ಬೊಗಳಲು ಏನೂ ಇಲ್ಲದೆ ಬಂದು ಹೊಸ್ತಿಲ ಮೇಲೆ ಮಲಗಿತು. ಸೊಸೆ ಊಟ ಬಡಿಸಿದರೆ ಎರಡು ತುತ್ತಿಗೇ ಎದ್ದುಬಿಡುತ್ತಿದ್ದಳು. ಎರಡು! ಏಣಿಯಣ್ಣ ಅದನ್ನು ನೋಡಿದ.

ಮರುದಿನ ಬೆಳಿಗ್ಗೆ ಕತ್ತಿ, ಒಂದು ಸುರುಳಿ ಹಗ್ಗ ತೆಗೆದುಕೊಂಡು ಮೆಳೆಗೆ ಹೋದ. ಹಗ್ಗ ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ. ಕೆಂಪಗೆ ಕಾಯಿಸಿದ ಕಬ್ಬಿಣದ ಸರಳಿನಿಂದ ಗಳಕ್ಕೆ ತೂತು ಕೊರೆದು, ಮೆಟ್ಟಿಲನ್ನು ಆರಪಾರ ತೂರಿಸಿ, ಬೆಣೆ ಹೊಡೆದು ಕೂರಿಸುವುದು ಅವನ ಕ್ರಮ. ಹಗ್ಗದಲ್ಲಿ ಮೆಟ್ಟಿಲು ಕಟ್ಟುವವರನ್ನು ಕಂಡರೆ ಅವನು ಉಗಿಯುತ್ತಿದ್ದ. ಕಟ್ಟಿದ್ದು ಏಣಿಯಲ್ಲ, ಮೋಸ, ಅನ್ನುತ್ತಿದ್ದ.

ಮಧ್ಯಾಹ್ನ ಗೇಟಿನ ಹತ್ತಿರ ಅವನು ಹೊತ್ತು ತಂದದ್ದನ್ನು ಕಂಡು ಕಾವಲುಗಾರ ಎದ್ದು ನಿಂತ. ಎರಡು ತೆಳು ಗೋಡೆಯ ಗಳ, ಬುಟ್ಟಿಗೆ ಹೇಳಿ ಮಾಡಿಸಿದಂಥವು. ಏಣಿಯವರು ತಿರುಗಿಯೂ ನೋಡುವುದಿಲ್ಲ. ನಡುವೆ ಹಗ್ಗದಲ್ಲಿ ಕಟ್ಟಿದ ಮೆಟ್ಟಿಲುಗಳು, ನಡೆದರೆ ಗಲಗಲ ಅನ್ನುತ್ತಿದ್ದವು.

"ಏನಣ್ಣ ಇದು?"

"ಏಣಿ."

"ಇದು ಏಣಿನಾ! ಏಣಿ ಆದ್ರೆ ಹತ್ತಿ ತೋರ್ಸು."

ಗೇಟಿನ ಕಂಬಕ್ಕೆ ಒರಗಿಸಿ ಏಣಿಯಣ್ಣ ಹತ್ತಿದ. ಒಂದು, ಎರಡು, ಮೂರು. ನಾಲ್ಕನೆಯದು ಜಾರಿ, ಅವನು ಏಣಿಯ ಸಮೇತ ಕಾವಲುಗಾರನ ಕುರ್ಚಿಯ ಮೇಲೆ ಬಿದ್ದ. ಬುತ್ತಿ ಹೊತ್ತು ಹೋಗುತ್ತಿದ್ದ ಇಬ್ಬರು ಬಣ್ಣ ಬಳಿಯುವವರು ನಿಂತು ನೋಡಿದರು. ಹತ್ತಿದ್ದು ನಿಜ, ಬಿದ್ದದ್ದೂ ಹತ್ತಿದ್ದಕ್ಕೆ ಸಾಕ್ಷಿ. ಕಾವಲುಗಾರ ಪುಸ್ತಕದಲ್ಲಿ "ಏಣಿ ಒಂದು" ಎಂದು ಬರೆದು ಗೇಟು ತೆಗೆದ.

ಕುಂಟುತ್ತಾ ಬಂದ ಗಂಡನನ್ನು ಕಂಡು ಬೆಸಕ್ಕ ಬಾಗಿಲಿಗೆ ಓಡಿದಳು.

"ಬಿದ್ರಾ?"

"ಬಿದ್ದೆ. ಗೇಟಿನ ಹತ್ರ, ಬಣ್ಣದವರ ಎದುರಿಗೇ."

"ಯಾರ ಏಣಿಯಿಂದ? ಯಾವನ ದರಿದ್ರ ಏಣಿ ಅದು, ತೋರ್ಸಿ, ನಾಲ್ಕು ಮಾತು ಅಂದು ಬರ್ತೀನಿ!"

"ನಂದೇ ಕಣೇ."

ಅವನು ಏಣಿಯನ್ನು ನೆಲಕ್ಕೆ ಹಾಕಿ, ಕೂತು, ಹಗ್ಗದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಮೆಟ್ಟಿಲುಗಳನ್ನು ಪಕ್ಕಕ್ಕಿಟ್ಟು ಎರಡು ಗಳಗಳನ್ನು ಅವಳ ತೊಟ್ಟಿಯ ಕಡೆಗೆ ಉರುಳಿಸಿದ. "ನೋಡ್ಕೋ. ಒಂದೂ ತೂತಿಲ್ಲ. ಸೀಳೋಕೆ ತೊಂದ್ರೆ ಆಗಲ್ಲ."

ಬೆಸಕ್ಕ ಗಳದ ಉದ್ದಕ್ಕೂ ಅಂಗೈ ಆಡಿಸಿದಳು. ಗೇಣು ಗೇಣಿಗೂ ತೂತು ಇರಬೇಕಾದ ಜಾಗ, ಎಲ್ಲ ನುಣ್ಣಗಿತ್ತು. ಬಣ್ಣದವರ ಎದುರು ಬಿದ್ದನಲ್ಲ ಈ ಮನುಷ್ಯ, ಎಂದುಕೊಂಡಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಮೂಗು ಒರೆಸಿಕೊಳ್ಳುತ್ತಲೇ ಬೈದಳು. "ಒಂದಿನ ತಪ್ಪು ಮಾಡು ಅಂತ ನನಗೆ ಬುದ್ಧಿ ಹೇಳಿದ್ರಲ್ಲ, ನೀವೇ ಮಾಡ್ಕೊಂಡು ಬಂದ್ರಾ?"

"ನಿನಗೆ ಬರಲ್ಲ ಅಂತ ಗೊತ್ತಾಯ್ತಲ್ಲ," ಎಂದ ಅವನು. "ನನಗೆ ಬರುತ್ತೆ. ಕತ್ತಿ ಎತ್ಕೋ, ಒಣಗಿದ್ರೆ ಸೀಳು ಬರಲ್ಲ."

ಅಂದಿನಿಂದ ವಾರಕ್ಕೊಂದು ಏಣಿ ಗೇಟು ದಾಟುತ್ತದೆ, ವಾರಕ್ಕೊಂದು ಸಲ ಏಣಿಯಣ್ಣ ಹತ್ತಿ ತೋರಿಸಿ ಬೀಳುತ್ತಾನೆ. ಬಣ್ಣ ಬಳಿಯುವವರು ಈಗ ಬೇರೆ ಊರಿಗೆ ಹೋಗುತ್ತಾರೆ. ಅತಿ ಕೆಟ್ಟ ಏಣಿ ಮಾಡುವವನು ಯಾರೆಂದು ಕೇಳಿದರೆ ಊರಿನ ಸಣ್ಣ ಮಕ್ಕಳೂ ಅವನ ಮನೆಯನ್ನು ತೋರಿಸುತ್ತವೆ. ಯಾರಾದರೂ ಬಂದು, ಅದು ನೀವೇನಾ ಎಂದು ಕೇಳಿದರೆ ಅವನು ಸೊಂಟ ನೀವಿಕೊಂಡು, ಹೌದು, ನಾನೇ, ಅನ್ನುತ್ತಾನೆ.